ಎದುರಂಗಡಿಗೆ ಹೋದ ಲಕೋಟೆ

ಆಗಸ್ಟ್ 3, ಭಾನುವಾರ

ಪ್ರೀತಿಯ ಚಿಕ್ಕಮ್ಮ,

ಊಟ ಮಾಡುತ್ತಿದ್ದೇನೆ, ನೀರು ಕಾಯಿಸಿ ಕುಡಿಯುತ್ತಿದ್ದೇನೆ, ಕೊಡೆ ಕಳೆದಿಲ್ಲ. ನೀನು ಕೇಳುವ ಮೂರೂ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಟ್ಟಾಯಿತು. ಇನ್ನು ನನ್ನ ಸುದ್ದಿ ಕೇಳು.

ಫೀಲ್ಡ್‌ವರ್ಕ್ ಶುರುವಾಗಿದೆ. ಕಾಲೇಜಿನಿಂದ ಎರಡು ಬಸ್ಸು ಬದಲಾಯಿಸಿ ಹೋದರೆ ಮುಚ್ಚಿಹೋದ ಒಂದು ಬಾಟಲಿ ಕಾರ್ಖಾನೆ, ಅದರ ಹಿಂದೆ ಕೆಲಸಗಾರರ ಬೀದಿ. ಹನ್ನೆರಡು ವರ್ಷದ ಹಿಂದೆ ಅಲ್ಲಿ ಐದು ತಿಂಗಳ ಮುಷ್ಕರ ನಡೆಯಿತಂತೆ. ಅರ್ಧ ಜನ ಗೇಟಿನ ಹೊರಗೆ ಕೂತರು, ಅರ್ಧ ಜನ ಕೆಲಸಕ್ಕೆ ಒಳಗೆ ಹೋದರು. ಒಂದು ಮಧ್ಯಾಹ್ನ ಹೊರಗಿದ್ದವರು ಒಳಗೆ ಹೋದವರ ಮನೆಗಳಿಗೆ ಕಲ್ಲು ತೂರಿದರು. ಅಷ್ಟೆಲ್ಲ ಆದ ಮೇಲೆ ಒಂದೇ ಬೀದಿಯ ಜನ ಮತ್ತೆ ಹೇಗೆ ಒಟ್ಟಿಗೆ ಬಾಳುತ್ತಾರೆ, ಏನು ಬದಲಾಗಿದೆ, ಏನು ಒಳಗೇ ಕೂತಿದೆ ಅನ್ನುವುದು ನಮ್ಮ ಗೈಡ್ ಮೇಡಂ ಅವರ ಸಂಶೋಧನೆ. ಹದಿನೈದು ಜನರ ಮಾತು ರೆಕಾರ್ಡ್ ಮಾಡುತ್ತಿದ್ದಾರೆ.

ಫಸ್ಟ್ ಇಯರ್‌ನವರು ಪ್ರಶ್ನೆ ಕೇಳುವ ಹಾಗಿಲ್ಲ, ಟೈಪಾದ ಹಾಳೆ ಓದುವ ಹಾಗಿಲ್ಲ. ಕೇಳುವವಳು ಸೀನಿಯರ್ ಅಕ್ಕ. ನಾನು ಹೊರಗೆ ಕುರ್ಚಿ ಹಾಕಿಕೊಂಡು ನಾಯಿ, ನೆಂಟರು ಒಳಗೆ ನುಗ್ಗದಂತೆ ಕಾಯುವವಳು. ನಾಯಿಯೇ ವಾಸಿ.

ಯಾರ ನಿಜವಾದ ಹೆಸರನ್ನೂ ಬರೆಯುವಂತಿಲ್ಲ, ನಿನಗೂ ಹೇಳುವಂತಿಲ್ಲ. ಅದಕ್ಕೇ ಅಂಗಡಿ ಹಿಡಿದು ಕರೆಯುತ್ತೇನೆ. ಮಾತಾಡುವವರು ತಮಗೆ ಬೇಕಾದ ಸುಳ್ಳು ಹೆಸರನ್ನು ತಾವೇ ಆರಿಸಿಕೊಳ್ಳುತ್ತಾರೆ. ಹಾಳೆಯ ಮೇಲೆ ಅದಷ್ಟೇ ಇರುತ್ತದೆ. ಒಬ್ಬ ತಾತ ಅರ್ಧ ಗಂಟೆ ಯೋಚಿಸಿ, ಬಾಗಿಲಾಚೆ ಕೂತ ನನಗೂ ಕೇಳುವಷ್ಟು ಜೋರಾಗಿ, ‘ಇನ್‌ಸ್ಪೆಕ್ಟರ್’ ಅಂದರು.

ನನಗೆ ತುಂಬ ಹಿಡಿಸಿದವರು ಬೇಕರಿಯವರು. ಆಳು ಇಷ್ಟೇ ಇಷ್ಟು. ಹಳಬರೆಲ್ಲ ಗುಬ್ಬಿ ಅಂತಲೇ ಕರೆಯುತ್ತಾರೆ. ಎದುರಿಗೇ ಗುಂಡಿ, ದಾರ, ಜಿಪ್ಪು ಮಾರುವವರ ಅಂಗಡಿ. ಹಿಂದೆ ಇಬ್ಬರೂ ಕಾರ್ಖಾನೆಯ ಒಂದೇ ಮೇಜಿನಲ್ಲಿ ಬಾಟಲಿ ಪ್ಯಾಕ್ ಮಾಡುತ್ತಿದ್ದ ಗೆಳತಿಯರಂತೆ. ಈಗ ‘ಬನ್ನು ಕೊಡಿ’, ‘ದಾರ ಕೊಡಿ’ ಅನ್ನುವಷ್ಟು ಮಾತು. ಅದೂ ಬಹುವಚನದಲ್ಲಿ.

ಫೋನಿನಲ್ಲಿ ಹೇಳಿದ್ದರೆ ಇದರಲ್ಲಿ ಅರ್ಧವೂ ನಿನಗೆ ಕೇಳಿಸುತ್ತಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳು ನಿನ್ನ ಕಿವಿ ತಿಂದಿದ್ದರಿಂದ ನನ್ನ ಅಕ್ಷರವಾದರೂ ದುಂಡಗಾಗಿದೆ.

ಒಂದೇ ಟೆನ್ಷನ್: ನಾನೇನಾದರೂ ಎಡವಟ್ಟು ಮಾಡಿಬಿಟ್ಟರೆ?

ನಿನ್ನ ಮಗಳು

ಆಗಸ್ಟ್ 9, ಶನಿವಾರ

ಮಗಳೇ,

ಕೊಡೆ ಕಳೆದಿಲ್ಲ ಅಂತ ನೀನಾಗಿಯೇ ಹೇಳಿದ್ದರಿಂದ ಕಳೆದಿದೆ ಅಂತ ತಿಳಿದುಕೊಂಡಿದ್ದೇನೆ. ಇನ್ನೊಂದು ತಗೋ.

ನೀನು ಕುರ್ಚಿ ಹಾಕಿಕೊಂಡು ನೆಂಟರನ್ನು ಓಡಿಸುವುದನ್ನು ನೆನೆದು ನಕ್ಕೆ. ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೆಲಸ ಮಾಡುವ ಇಸ್ತ್ರಿಯವಳು ಏನಂತೆ ಅಂದಳು. ಮಗಳು ದೊಡ್ಡ ಸಂಶೋಧನೆಯಲ್ಲಿದ್ದಾಳೆ ಅಂದೆ. ಕುರ್ಚಿಯ ಸುದ್ದಿ ಹೇಳಲಿಲ್ಲ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹನ್ನೆರಡು ವರ್ಷ ಸುಮ್ಮನಿದ್ದವರ ಬಾಯಿ ಬಿಡಿಸಿದರೆ ನಿಮಗೆ ಪುಸ್ತಕವಾಗುತ್ತದೆ, ಅವರಿಗೇನು ಬರುತ್ತದೆ? ಎಷ್ಟು ಒಗೆದರೂ ಕಲೆ ಹೋಗದ ಬೆಡ್‌ಶೀಟನ್ನು ನಾವಿಲ್ಲಿ ಮತ್ತೆ ಮತ್ತೆ ಕುದಿಸುವುದಿಲ್ಲ. ಕಲೆ ಒಳಗೆ ಬರುವ ಹಾಗೆ ಮಡಿಸಿ ಹಾಸುತ್ತೇವೆ. ರೋಗಿ ನೆಮ್ಮದಿಯಾಗಿ ಮಲಗುತ್ತಾನೆ, ಬೆಡ್‌ಶೀಟೂ ಇನ್ನೊಂದು ವರ್ಷ ಬರುತ್ತದೆ. ಇಷ್ಟು ನಿಮ್ಮ ಮೇಡಂಗೆ ಹೇಳಬೇಡ, ನನ್ನನ್ನೂ ರೆಕಾರ್ಡ್ ಮಾಡಿಯಾರು.

ಎಡವಟ್ಟಾದರೆ ಸರಿ ಮಾಡಿದರಾಯಿತು. ನಡುಗಬೇಡ.

ಚಿಕ್ಕಮ್ಮ

ಆಗಸ್ಟ್ 24, ಭಾನುವಾರ

ಪ್ರೀತಿಯ ಚಿಕ್ಕಮ್ಮನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿನ್ನ ಆರೋಗ್ಯ ಚೆನ್ನಾಗಿದೆಯೆಂದು ನಂಬಿದ್ದೇನೆ. ಇಲ್ಲಿ ಹವೆ ಹಿತವಾಗಿದೆ. ಪಾಠಗಳು ಚೆನ್ನಾಗಿ ನಡೆಯುತ್ತಿವೆ. ಊಟವೂ ಚೆನ್ನಾಗಿದೆ. ರೂಮಿನ ಫ್ಯಾನು ರಿಪೇರಿಯಾಯಿತು. ಫೀಲ್ಡ್‌ವರ್ಕ್ ಕೂಡ ಚೆನ್ನಾಗಿ ನಡೆಯುತ್ತಿದೆ. ಇನ್ನು ವಿಶೇಷವೇನೂ ಇಲ್ಲ.

ಓದುವುದು ತುಂಬ ಇರುವುದರಿಂದ ಇಲ್ಲಿಗೆ ಮುಗಿಸುತ್ತೇನೆ.

ಇಂತಿ ನಿನ್ನ ಮಗಳು

ಆಗಸ್ಟ್ 29, ಶುಕ್ರವಾರ

ಏನೇ ಹುಡುಗಿ,

ಇದೆಂಥ ಪತ್ರ? ಒಂದೇ ಪತ್ರದಲ್ಲಿ ‘ಚೆನ್ನಾಗಿದೆ’ ಎಷ್ಟು ಸಲ ಬರೆದಿದ್ದೀಯ ನೋಡಿಕೊಂಡೆಯಾ? ಹಾಸ್ಟೆಲ್ಲಿನಲ್ಲಿದ್ದಾಗ ವಾರ್ಡನ್ ಓದಿ ಸಹಿ ಹಾಕಿದ ಮೇಲೆ ಬರುತ್ತಿತ್ತಲ್ಲ, ಅಂಥ ಪತ್ರ ಇದು. ಹತ್ತು ವರ್ಷ ಅವನ್ನು ಓದಿದವಳು ನಾನು. ‘ಹವೆ ಹಿತವಾಗಿದೆ’ ಅಂದರೆ ಜ್ವರ ಅಂತ ಅರ್ಥ. ‘ವಿಶೇಷವೇನೂ ಇಲ್ಲ’ ಅಂದರೆ ಯಾರೋ ಹೊಡೆದಿದ್ದಾರೆ. ಈಗ ನಿನ್ನ ಪತ್ರಕ್ಕೆ ಸಹಿ ಹಾಕುವ ವಾರ್ಡನ್ ಯಾರು?

ಇಸ್ತ್ರಿಯವಳಿಗೆ ತೋರಿಸಿದೆ. ಅವಳಿಗೆ ಮೂವರು ಹೆಣ್ಣುಮಕ್ಕಳು. ಒಂದೇ ನೋಟಕ್ಕೆ, “ಹುಡುಗ” ಅಂದಳು. ನನಗೂ ಹಾಗೇ ಅನ್ನಿಸುತ್ತಿದೆ. ನೋಡು, ನಾನು ಕೂಗಾಡುವುದಿಲ್ಲ. ಯಾರು, ಏನು ಓದುತ್ತಾನೆ, ಮನೆಯಲ್ಲಿ ಗೊತ್ತೋ ಇಲ್ಲವೋ, ಮೂರು ಸಾಲು ಬರೆ ಸಾಕು. ಆ ಸೀನಿಯರ್ ಅಕ್ಕನ ತಮ್ಮ ಗಿಮ್ಮ ಅಲ್ಲ ತಾನೇ?

ಚಿಕ್ಕಮ್ಮ

ಸೆಪ್ಟೆಂಬರ್ 2, ಮಂಗಳವಾರ

ಚಿಕ್ಕಮ್ಮ,

ಹುಡುಗನಲ್ಲ. ಲಕೋಟೆ. ಹುಡುಗನಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾತಾಡಿದ ಪ್ರತಿಯೊಬ್ಬರಿಗೂ ಅವರ ಮಾತಿನ ಟೈಪಾದ ಹಾಳೆಗಳನ್ನು ತಲುಪಿಸಬೇಕು. ಅವರು ಓದಿ, ಬೇಡವಾದ್ದನ್ನು ಹೊಡೆದುಹಾಕಬಹುದು. ಹಂಚುವ ಕೆಲಸ ನನ್ನದು. ಯಾವ ಸುಳ್ಳು ಹೆಸರು ಯಾರದು ಅನ್ನುವ ಪಟ್ಟಿ ಮೇಡಂ ಅವರ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ಹದಿಮೂರು ಲಕೋಟೆಗಳ ಮೇಲೆ ಸೀನಿಯರ್ ಅಕ್ಕ ಮನೆ ಗುರುತು ಬರೆದಿದ್ದಳು. ಎರಡರ ಮೇಲೆ ಬರೆಯುವುದು ಬಿಟ್ಟುಹೋಗಿತ್ತು. ಆ ದಿನ ಮೇಡಂ ರಜೆ, ಅಕ್ಕನೂ ಬಂದಿರಲಿಲ್ಲ. ಕಾಯಬೇಕಿತ್ತು. ನಾನು ಜಾಣೆ ಅನ್ನಿಸಿಕೊಳ್ಳಲು ಹೋದೆ.

ಒಂದರ ಮೇಲೆ ‘ಗುಬ್ಬಿ’ ಅಂತಿತ್ತು, ಇನ್ನೊಂದರ ಮೇಲೆ ‘ರಾಣಿ’. ಗುಬ್ಬಿ ಅಂದರೆ ಇನ್ನಾರು, ಬೇಕರಿಯವರೇ ಅಂತ ನೆಟ್ಟಗೆ ಹೋಗಿ ಅವರ ಕೈಗೇ ಕೊಟ್ಟೆ. “ನೀನೇ ಬಂದ್ಯಾ, ಬಿಸಿ ಬನ್ನು ತಗೋ” ಅಂದರು. ತಿಂದೆ ಕೂಡ. ಉಳಿದದ್ದು ಗುಂಡಿ ಅಂಗಡಿಯವರದ್ದೇ ಅಂತ ಹೋದರೆ ಅಂಗಡಿ ಮುಚ್ಚಿತ್ತು, ‘ರಾಣಿ’ ನನ್ನ ಚೀಲದಲ್ಲೇ ಉಳಿಯಿತು. ಮರುದಿನ ಸೀನಿಯರ್ ಅಕ್ಕ ಅದನ್ನು ನೋಡಿ, “ಬೇಕರಿಯವರದ್ದು ಇನ್ನೂ ನಿನ್ ಹತ್ರಾನೇ ಇದೆಯಲ್ಲೇ?” ಅಂದಳು.

“ನಾಳೆ ಕೊಡ್ತೀನಿ ಅಕ್ಕ” ಅಂದೆ. ಆಮೇಲೆ ಯಾರೂ ಇಲ್ಲದಾಗ ಕಂಪ್ಯೂಟರಿನಲ್ಲಿ ‘ಗುಬ್ಬಿ’ಯ ಮೊದಲ ಪುಟ ತೆರೆದೆ. ಅದು ಗುಂಡಿ ಅಂಗಡಿಯವರ ಮಾತು. ಆ ಮಧ್ಯಾಹ್ನ ಅವರ ಗಂಡ ಕಲ್ಲು ತೂರುವವರ ಗುಂಪಿನಲ್ಲಿದ್ದ. ಬೇಕರಿಯವರ ಗಂಡ ಕೆಲಸಕ್ಕೆ ಒಳಗೆ ಹೋದವನು. ಬೇಕರಿಯವರು ಎಂಟು ವರ್ಷದ ಮಗಳನ್ನು ಎಳೆದುಕೊಂಡು ಓಡಿಬಂದು ಗೆಳತಿಯ ಬಾಗಿಲು ಬಡಿದರು. ‘ನಾನು ಒಳಗೇ ಇದ್ದೆ. ಚಿಲಕದ ಮೇಲೆ ಕೈ ಇತ್ತು. ಯಾರೂ ನನ್ನ ಕೈ ಹಿಡಿದಿರಲಿಲ್ಲ. ನಾನೇ ತೆಗೆಯಲಿಲ್ಲ.’ ಅಷ್ಟು ಓದಿ ಮುಚ್ಚಿದೆ.

ಅದನ್ನು ನಾನು ಬೇಕರಿಯವರ ಕೈಗೆ ಕೊಟ್ಟು, ಅವರ ಬನ್ನು ತಿಂದು ಬಂದಿದ್ದೇನೆ.

ಎರಡು ದಿನ ಬಿಟ್ಟು ಹೋಗಿ ನೋಡಿದರೆ ಬೇಕರಿಯ ಷಟರ್ ಕೆಳಗೆ. ಇವತ್ತಿಗೆ ಹನ್ನೊಂದು ದಿನ, ಇನ್ನೂ ತೆರೆದಿಲ್ಲ. ಗುಂಡಿ ಅಂಗಡಿಯವರು ನನ್ನನ್ನು ಕಂಡರೆ, “ನಂದು ಯಾವಾಗ ಬರುತ್ತಮ್ಮಾ ಹಾಳೆ?” ಅನ್ನುತ್ತಾರೆ. ಮೇಡಂಗೆ ಹೇಳಿದರೆ ನನ್ನನ್ನು ತೆಗೆದುಹಾಕುತ್ತಾರೆ. ಅದಾದರೂ ಆಗಲಿ. ಹನ್ನೆರಡು ವರ್ಷ ಹೇಗೋ ಎದುರುಬದುರು ಬದುಕಿದ ಇಬ್ಬರ ಬಾಳಿಗೆ ನಾನು ಕೈಯಾರೆ ಕಲ್ಲು ಹಾಕಿದೆನಲ್ಲ. ಮಡಿಸಿದ್ದನ್ನು ಬಿಚ್ಚಬಾರದು ಅಂತ ನೀನು ಹೇಳಿರಲಿಲ್ಲವೇ?

ಏನು ಮಾಡಲಿ?

ಸೆಪ್ಟೆಂಬರ್ 6, ಶನಿವಾರ

ಮಗಳೇ,

ಮೊದಲು ಉಸಿರು ಬಿಡು. ಈ ಪತ್ರ ಕೈಗೆ ಬಂದ ದಿನವೇ ಮೇಡಂಗೆ ಹೇಳು. ಆಮೇಲೆ ಗುಂಡಿ ಅಂಗಡಿಯವಳಿಗೆ ಹೇಳು. ಅವಳ ಮಾತು ಎಲ್ಲಿಗೆ ಹೋಯಿತು ಅನ್ನುವುದು ಅವಳಿಗೆ ಬೀದಿಯಿಂದ ಗೊತ್ತಾಗಬಾರದು, ನಿನ್ನಿಂದ ಗೊತ್ತಾಗಬೇಕು. ಬೈದರೆ ಬೈಸಿಕೋ.

ಬೆಡ್‌ಶೀಟಿನ ಮಾತು ನಾನು ಹೇಳಿದ್ದು ನಿಜ. ಹಾಸುವವಳ ಮಾತು ಅದು, ಅದರ ಮೇಲೆ ಮಲಗುವವಳದ್ದಲ್ಲ. ಈಗ ಇನ್ನೊಂದು ಹೇಳುತ್ತೇನೆ. ಹೇಳಬಾರದು ಅಂತಲೇ ಇದ್ದೆ.

ನಿನ್ನಮ್ಮ ತೀರಿಹೋದ ವರ್ಷ ನಿನ್ನನ್ನು ಹಾಸ್ಟೆಲ್ಲಿಗೆ ಹಾಕಿದೆನಲ್ಲ, ನಿನಗೆ ಏಳು. ನನಗೆ ಆಗ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ, ಬೇರೆ ದಾರಿ ಇರಲಿಲ್ಲ. ತಿಂಗಳಿಗೊಂದು ಭಾನುವಾರ ನೋಡಲು ಬಿಡುತ್ತಿದ್ದರು. ಎರಡನೇ ತಿಂಗಳು ನಾನು ಬರಲಿಲ್ಲ. ಬಸ್ಸು ಕೆಟ್ಟಿತು ಅಂತ ಬರೆದೆ. ಬಸ್ಸು ಕೆಟ್ಟಿರಲಿಲ್ಲ. ಬಂದಿದ್ದೆ, ಗೇಟಿನವರೆಗೂ ಬಂದಿದ್ದೆ. ನೀನು ಒಳಗೆ ಅಳುತ್ತಿದ್ದದ್ದು ಕೇಳಿಸಿತು. ಆಗ ನನ್ನ ಕಿವಿ ಚೆನ್ನಾಗಿತ್ತು. ಒಳಗೆ ಬಂದರೆ ಬಿಟ್ಟು ಹೋಗುವ ಶಕ್ತಿ ನನಗಿರುವುದಿಲ್ಲ ಅನ್ನಿಸಿತು. ಕಾವಲುಗಾರ, “ಒಳಗೆ ಹೋಗಮ್ಮ, ಹೊತ್ತು ಮೀರುತ್ತೆ” ಅಂದ. ಭೇಟಿಯ ಚೀಟಿ ಬರೆಸದೆ ವಾಪಸ್ ಹೋದೆ.

ಹನ್ನೊಂದು ವರ್ಷ ಆಯಿತು. ಇದನ್ನು ಯಾರಿಗೂ ಹೇಳಿಲ್ಲ. ಹೇಳದಿದ್ದರೂ ದಿನಾ ಹೇಳಿಕೊಳ್ಳುತ್ತಲೇ ಇರುತ್ತೀವಿ ಕಣೇ. ಒಂದು ಕಡೆ ಗೊತ್ತಾಗಬಾರದು ಅಂತ ಭಯ. ಇನ್ನೊಂದು ಕಡೆ, ಯಾರಾದರೂ ಹೋಗಿ ಹೇಳಿಬಿಡಬಾರದೇ ಅಂತ ಆಸೆ. ಅದಕ್ಕೇ ಕೇಳುತ್ತೇನೆ: ಲೋಕದಲ್ಲಿ ಅಷ್ಟೊಂದು ಹೆಸರಿರುವಾಗ ಆ ಹೆಂಗಸು ತನಗೆ ಗುಬ್ಬಿ ಅಂತ ಯಾಕೆ ಹೆಸರಿಟ್ಟುಕೊಂಡಳು? ನಿನ್ನ ತಪ್ಪು ತಪ್ಪೇ. ಆದರೆ ಅವಳನ್ನು ಅದನ್ನೊಂದು ಕೇಳು.

ನನ್ನ ವಿಷಯಕ್ಕೆ ನಿಧಾನವಾಗಿ ಬೈ. ಅವಸರವಿಲ್ಲ.

ಚಿಕ್ಕಮ್ಮ

ಸೆಪ್ಟೆಂಬರ್ 14, ಭಾನುವಾರ

ಚಿಕ್ಕಮ್ಮಾ,

ಮುಗಿಯಿತು! ಎಲ್ಲಿಂದ ಶುರು ಮಾಡಲಿ, ಕೈ ಓಡುತ್ತಿಲ್ಲ.

ಮೇಡಂಗೆ ಹೇಳಿದೆ. ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಎರಡನೇ ಸಾಲಿಗೇ ಅಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎಷ್ಟು ದಿನ ಆಯ್ತು?” ಅಂದರು. ಹದಿನೆಂಟು ಅಂದೆ. “ಲಕೋಟೆ ತಪ್ಪಿದ್ದಕ್ಕಿಂತ ಈ ಹದಿನೆಂಟು ದೊಡ್ಡದು” ಅಂದರು. ಪಟ್ಟಿ ಬೀಗದೊಳಗಿಟ್ಟು ರಜೆ ಹಾಕಿದ್ದು ತಮ್ಮ ತಪ್ಪು ಅಂತಲೂ ಅಂದರು. ಆಮೇಲೆ ಎದ್ದು, “ನಡಿ. ಮಾತು ನೀನೇ ಆಡ್ಬೇಕು, ನಾನು ಪಕ್ಕದಲ್ಲಿರ್ತೀನಿ.”

ಗುಂಡಿ ಅಂಗಡಿಯವರು ಷರಟಿನ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದರು. ಹೇಳಿದೆ. ಅವರ ಕೈ ನಿಲ್ಲಲಿಲ್ಲ. ಆದರೆ ಕಪ್ಪು ಗುಂಡಿಗಳೆಲ್ಲ ಬಿಳಿ ಡಬ್ಬಿಗೆ ಬೀಳುತ್ತಿದ್ದವು.

“ಓದಿದ್ಲಾ?” ಅಂದರು.

“ಗೊತ್ತಿಲ್ಲ. ಅಂಗಡಿ ಮುಚ್ಚಿದೆ.”

“ಅದಕ್ಕೇ ಮುಚ್ಚಿದಾಳೆ ಹಾಗಾದ್ರೆ.”

ಬೈಯಲಿ ಅಂತ ಕಾದೆ. ಬೈಯಲಿಲ್ಲ, ಅದೇ ಕಷ್ಟವಾಯಿತು. ನೀನು ಹೇಳಿದ್ದನ್ನು ಕೇಳಿದೆ. “ಆ ಹೆಸರು ಅವ್ಳಿಗೆ ಇಟ್ಟಿದ್ದೇ ನಾನು, ಪ್ಯಾಕಿಂಗ್ ಮೇಜಿನ ಹತ್ರ. ಆವತ್ತಿಂದ ಬಾಯಲ್ಲಿ ಬಂದಿರ್ಲಿಲ್ಲ. ಯಾವ ಹೆಸರು ಬೇಕು ಅಂದ್ಲಲ್ಲ ಆ ಹುಡುಗಿ, ಬಂದ್ಬಿಡ್ತು. ತಡೀಬಹುದಿತ್ತು. ತಡೀಲಿಲ್ಲ” ಅಂದರು.

ಮರುದಿನ ಬೇಕರಿ ತೆರೆಯಿತು. ಬಸ್ಸು ಇಳಿದವಳು ಷಟರ್ ನೋಡಿ ಓಡಿಯೇ ಹೋಗಿ ಮೇಡಂಗೆ ಫೋನ್ ಮಾಡಿದೆ. ಅವರು ಬಂದು, ಇಬ್ಬರೂ ಬೀದಿ ದಾಟಬೇಕು ಅನ್ನುವಷ್ಟರಲ್ಲಿ ಬೇಕರಿಯವರೇ ಕೈ ತುಂಬ ಮೈದಾಹಿಟ್ಟು, ಕಂಕುಳಲ್ಲಿ ನಮ್ಮ ಲಕೋಟೆ ಇಟ್ಟುಕೊಂಡು ಎದುರಂಗಡಿಗೆ ನುಗ್ಗಿದರು. ನಾವು ಹಿಂದೆಯೇ ಹೋದೆವು.

“ಏನೇ ಇದು,” ಅಂದರು, ಲಕೋಟೆಯನ್ನು ಗುಂಡಿಗಳ ಮೇಲೆ ಎಸೆದು, “ಮೂರು ಸಲ ಬಾಗಿಲು ಬಡಿದೆ ಅಂತ ಬರೆಸಿದ್ದೀಯ. ನಾನು ಬಡಿದಿದ್ದು ಎರಡು ಸಲ.”

ಏಕವಚನ, ಚಿಕ್ಕಮ್ಮ! ಗುಂಡಿ ಅಂಗಡಿಯವರು ಎದ್ದು ನಿಂತರು. ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ ಏನಂದರು ಗೊತ್ತೇ? “ಮೂರು. ನಾನು ಒಳಗೇ ನಿಂತು ಕೇಳಿದೀನಿ.”

“ಎರಡು. ಮೂರನೇದು ನನ್ನ ಮಗಳು ಬಡಿದಿದ್ದು.”

ಮೇಡಂ ನನ್ನ ತೋಳು ಹಿಡಿದುಕೊಂಡರು, ನಾನು ಮಧ್ಯೆ ಬಾಯಿ ಹಾಕದಂತೆ.

“ನೀನು ಒಳಗಿದ್ದೆ ಅಂತ ನಂಗೆ ಆವತ್ತೇ ಗೊತ್ತು” ಅಂದರು ಬೇಕರಿಯವರು. “ಬಾಗಿಲ ಕೆಳಗಿನ ಸಂದಿಯಲ್ಲಿ ನಿನ್ನ ಕಾಲು ಕಾಣ್ತಿತ್ತು. ಚಿಲಕ ಇನ್ನೂ ಬಿಗಿ ಮಾಡ್ತಿದೀಯ ಅಂದ್ಕೊಂಡೆ. ಹನ್ನೆರಡು ವರ್ಷ ಅದನ್ನೇ ಅಂದ್ಕೊಂಡೆ. ತೆಗೀಲೋ ಬೇಡ್ವೋ ಅಂತ ನಡುಗ್ತಾ ನಿಂತಿದ್ದೆ ಅಂತ ಇದರಲ್ಲಿ ಓದಿದೆ. ಆಮೇಲೆ ತೆಗೆದ್ಯಂತಲ್ಲ?”

“ತೆಗೆದೆ. ನೀವಿಬ್ರೂ ಇರ್ಲಿಲ್ಲ. ನೀರಿನ ತೊಟ್ಟಿವರೆಗೂ ಹುಡುಕ್ದೆ. ಚಪ್ಪಲಿ ಕೂಡ ಹಾಕಿರ್ಲಿಲ್ಲ.”

“ನಾವು ತೊಟ್ಟಿ ಹಿಂದೇನೇ ಇದ್ವಿ ಕಣೇ. ಯಾರೋ ಬರಿಗಾಲಲ್ಲಿ ಓಡಿ ಬಂದ ಸದ್ದು ಕೇಳಿ ಮಗಳ ಬಾಯಿ ಮುಚ್ಚಿ ಹಿಡಿದಿದ್ದೆ. ಉಸಿರೂ ಬಿಟ್ಟಿರ್ಲಿಲ್ಲ. ಅದು ನೀನಾ?”

ಗುಂಡಿ ಅಂಗಡಿಯವರು ಕುರ್ಚಿಯ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಬೇಕರಿಯವರು ಹಿಟ್ಟಿನ ಕೈಯಲ್ಲೇ ಅವರ ತಲೆ ಮುಟ್ಟಿದರು. ಕೂದಲೆಲ್ಲ ಬೆಳ್ಳಗಾಯಿತು. “ಈಗ ನೋಡು, ಮುದುಕಿ ಹಾಗೆ ಕಾಣ್ತೀಯ” ಅಂದರು. ಇಬ್ಬರೂ ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ. ನಾನಂತೂ ಅಳುತ್ತಿದ್ದೆ.

ಅಷ್ಟು ದಿನ ಬೇಕರಿ ಮುಚ್ಚಿದ್ದು ಯಾಕೆ ಗೊತ್ತೇ? ಆ ಹಾಳೆಗಳನ್ನು ಎತ್ತಿಕೊಂಡು ಮಗಳ ಊರಿಗೆ ಹೋಗಿದ್ದರು, ಅವಳಿಗೂ ಓದಿಸಲು. ಮಗಳು ಪೂರ್ತಿ ಓದಿದಳಂತೆ. ಆದರೆ, “ಆ ಅಂಗಡಿಗೆ ನಾನು ಬರಲ್ಲ” ಅಂದಳಂತೆ. “ಬರದಿದ್ರೆ ಬೇಡ, ಓದಿದಳಲ್ಲ” ಅಂತ ಗುಂಡಿ ಅಂಗಡಿಯವರೇ ಅಂದರು.

ನನ್ನನ್ನು ತೆಗೆದುಹಾಕಲಿಲ್ಲ! ಒಂದು ತಿಂಗಳು ಬೀದಿಗೆ ಹೋಗುವ ಹಾಗಿಲ್ಲ, ನಡೆದದ್ದನ್ನೆಲ್ಲ ಬರೆದು ವಿಭಾಗಕ್ಕೆ ಕೊಡಬೇಕು. ಆ ಇಬ್ಬರ ಮಾತನ್ನು, ಅವರು ಮತ್ತೆ ಒಪ್ಪುವವರೆಗೆ, ಸಂಶೋಧನೆಯಿಂದ ಹೊರಗಿಟ್ಟಿದ್ದಾರೆ. ಬಸ್ಸಿನಲ್ಲಿ ಮೇಡಂ ಹೇಳಿದರು: “ಒಳ್ಳೇದಾಗಿ ಮುಗೀತು ಅಂತ ಅದು ತಪ್ಪಲ್ಲ ಅಂತಾಗಲ್ಲ. ಬೇರೆ ಯಾವ ಬಾಗಿಲಿಗೆ ಕೊಟ್ಟಿದ್ರೂ ಏನಾಗ್ತಿತ್ತು ಯೋಚಿಸು.” ಯೋಚಿಸುತ್ತಿದ್ದೇನೆ. ಆದರೂ ನಿನ್ನೆ ಎರಡು ಸಲ ಬಡಿಸಿಕೊಂಡು ಉಂಡೆ.

ಇನ್ನು ನಿನ್ನ ಭಾನುವಾರ. ಸುಳ್ಳು ಹೇಳಬಾರದು ಅಂತ ಎರಡು ದಿನ ಕೂತು ಯೋಚಿಸಿದೆ. ನನಗೆ ನೆನಪೇ ಇಲ್ಲ ಚಿಕ್ಕಮ್ಮ. ಬಸ್ಸು ಕೆಟ್ಟ ಪತ್ರವೂ ನೆನಪಿಲ್ಲ. ಅತ್ತಿರಬಹುದು, ಆಗ ದಿನಾ ಅಳುತ್ತಿದ್ದೆ. ನೆನಪಿರುವ ಭಾನುವಾರ ಬೇರೆ: ನೀನು ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದೆ, ನನ್ನ ಜಡೆ ಅರ್ಧ ಹೆಣೆದು ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋದೆ. ನೀನು ಏಳಬಾರದು ಅಂತ ನಾನು ತಲೆ ಅಲ್ಲಾಡಿಸದೆ ಒಂದು ಗಂಟೆ ಕೂತಿದ್ದೆ. ಬೆಲ್ ಹೊಡೆಯಲು ಬಂದವಳಿಗೆ ಕೈ ಮುಗಿದೆ, ಅವಳು ಐದು ನಿಮಿಷ ತಡವಾಗಿ ಹೊಡೆದಳು. ಹಾಸ್ಟೆಲ್ ಅಂದರೆ ನನಗೆ ಮೊದಲು ಬರುವುದು ಅದು.

ಬೈಯಲು ಏನೂ ಸಿಗಲಿಲ್ಲ. ಕ್ಷಮಿಸು.

ನಿನ್ನ ಮಗಳು

ಸೆಪ್ಟೆಂಬರ್ 19, ಶುಕ್ರವಾರ

ಮಗಳೇ,

ನೆನಪೇ ಇಲ್ಲವಾ? ಒಂದು ಚೂರೂ? ಹನ್ನೊಂದು ವರ್ಷ ನಾನು ಆ ಗೇಟನ್ನು ಹೊತ್ತುಕೊಂಡು ತಿರುಗಿದ್ದೇನೆ, ಕಬ್ಬಿಣದ ಗೇಟು ಕಣೇ ಅದು. ನೀನು ಬೈದಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಸಿಟ್ಟು ಅಂದೆನಾ? ಅದಕ್ಕೆ ಬೇರೆ ಹೆಸರಿರಬೇಕು, ನಿಮ್ಮ ಮೇಡಂ ಅವರನ್ನು ಕೇಳು.

ನಾನು ನಿದ್ದೆ ಹೋದದ್ದು ಮಾತ್ರ ಸುಳ್ಳು. ಕಣ್ಣು ಮುಚ್ಚಿದ್ದೆ ಅಷ್ಟೇ. ಒಂದು ಗಂಟೆಯೂ ಅ‌ಲ್ಲ, ಹತ್ತು ನಿಮಿಷ. ಜಡೆ ಪೂರ್ತಿ ಹೆಣೆದಿದ್ದೆ. ಇದರ ಮೇಲೆ ಜಗಳ ಆಡಬೇಕಿದ್ದರೆ ರಜೆಗೆ ಬಾ, ಎದುರೆದುರು ಆಡೋಣ.

ಆ ಹೆಂಗಸರ ಕಥೆಯನ್ನು ಇಸ್ತ್ರಿಯವಳಿಗೆ ಹೇಳಲಿಲ್ಲ. ಅದು ಅವರ ಮಾತು, ನಮ್ಮದಲ್ಲ, ಸರಿ ತಾನೇ? ಆದರೆ ನನ್ನ ಗೇಟಿನ ಕಥೆ ಹೇಳಿದೆ. ಅವಳು ತನ್ನದೊಂದು ಹೇಳಿದಳು. ಎರಡು ಯಂತ್ರ ಖಾಲಿ ತಿರುಗಿದವು, ನಾವು ನೋಡಲೇ ಇಲ್ಲ.

ನಿನ್ನ ಪತ್ರ ಬಂದ ದಿನ ಮನೆಗೆ ಬಂದು ಮಲಗಿದವಳು ಏಳುವಾಗ ಬಿಸಿಲು ಕಾಲಿನವರೆಗೆ ಬಂದಿತ್ತು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಮೊದಲ ಸಲ ಪಾಳಿಗೆ ತಡವಾಯಿತು. ಮೇಲ್ವಿಚಾರಕ ರಿಜಿಸ್ಟರ್ ಮುಂದಿಟ್ಟು ಕಾರಣ ಏನಂತ ಬರೆಯಲಿ ಅಂದ. “ನಿದ್ದೆ ಬಂತು” ಅಂದೆ. ಹುಷಾರಿಲ್ಲ ಅಂತ ಬರೆದುಕೊಂಡ.

ಚಿಕ್ಕಮ್ಮ